ಹೊಸ ವಿಮಾನ ನಿಲ್ದಾಣವೂ ಮರೋಳದ ಎರಿ ಹೊಲವೂ: ದಾಳಿಂಬೆ ನಾಟಿಗೆ ಮುನ್ನ ಒಂದು ವಿವೇಚನೆ



2025ರ ಡಿಸೆಂಬರ್ 25ರಂದು ನವೀ ಮುಂಬೈ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ವಾಣಿಜ್ಯ ಸಂಚಾರ ಆರಂಭವಾಯಿತು. ಅಂದು ಬೆಳಿಗ್ಗೆ ಅಲ್ಲಿ ಮೊದಲು ಇಳಿದ ಪ್ರಯಾಣಿಕ ವಿಮಾನ ನಮ್ಮ ಬೆಂಗಳೂರಿನಿಂದಲೇ ಹೊರಟದ್ದು. ಅದಾದ ಮೇಲೆ ಹುನಗುಂದ ಮತ್ತು ಇಳಕಲ್ ತಾಲ್ಲೂಕುಗಳಿಂದ, ವಿಶೇಷವಾಗಿ ಮರೋಳ ಹನಿ ನೀರಾವರಿ ಪ್ರದೇಶದ ಹಳ್ಳಿಗಳಿಂದ, ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಮುಂಬೈ ಕಡೆ ಹೊಸ ವಿಮಾನ ನಿಲ್ದಾಣ ಆಯಿತು, ವಿಜಯಪುರದ್ದೂ ಇನ್ನೇನು ಆಗುತ್ತದೆ. ಕಡಲೆ, ಜೋಳ ಬಿಟ್ಟು ರಫ್ತಿನ ದಾಳಿಂಬೆ ಹಾಕಬಹುದೇ?" ಎಂಬುದು ಆ ಪ್ರಶ್ನೆ. ಸಸಿ ಮಾರುವವರು ಇದೇ ಮಾತನ್ನು ಪ್ರಶ್ನೆಯಾಗಿ ಕೇಳದೆ ಭರವಸೆಯಾಗಿ ಹೇಳುತ್ತಿದ್ದಾರೆ ಎಂದೂ ತಿಳಿದುಬಂದಿದೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡುವುದು ಒಳಿತು.

ಮೊದಲು ಸುದ್ದಿಯಲ್ಲಿ ಇರುವುದೇನು ಎಂಬುದನ್ನು ಬಿಡಿಸಿಕೊಳ್ಳೋಣ. ನವೀ ಮುಂಬೈ ನಿಲ್ದಾಣವು ಸುಮಾರು 1,160 ಹೆಕ್ಟೇರ್ ಪ್ರದೇಶದಲ್ಲಿ ನಿರ್ಮಾಣವಾಗುತ್ತಿದ್ದು, ಅದರ ಮೊದಲ ಹಂತವನ್ನು 2025ರ ಅಕ್ಟೋಬರ್ 8ರಂದು ಪ್ರಧಾನ ಮಂತ್ರಿಗಳು ಉದ್ಘಾಟಿಸಿದರು. ಈ ಹಂತದ ಸಾಮರ್ಥ್ಯ ವರ್ಷಕ್ಕೆ 2 ಕೋಟಿ ಪ್ರಯಾಣಿಕರು ಮತ್ತು 5 ಲಕ್ಷ ಟನ್ ಸರಕು. ಹೋಲಿಕೆಗಾಗಿ ಹೇಳುವುದಾದರೆ, ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವು 2024–25ನೇ ಸಾಲಿನಲ್ಲಿ ನಿಜವಾಗಿಯೂ ನಿರ್ವಹಿಸಿದ ಸರಕು ಸುಮಾರು 5 ಲಕ್ಷ ಟನ್. ಒಂದು ಕಡೆಯದು ಕಟ್ಟಡದ ಸಾಮರ್ಥ್ಯ, ಇನ್ನೊಂದು ಕಡೆಯದು ಸಾಗಿಸಿದ ತೂಕ. ಈ ಎರಡನ್ನು ಒಂದೇ ಸಾಲಿನಲ್ಲಿ ಓದುವಾಗ ಎಚ್ಚರ ಬೇಕು. ಹೊಸ ನಿಲ್ದಾಣವು ಆರಂಭದ ದಿನಗಳಲ್ಲಿ ದಿನಕ್ಕೆ ಹನ್ನೆರಡು ಗಂಟೆ ಮಾತ್ರ, ಅದೂ ದೇಶೀಯ ಸಂಚಾರದೊಂದಿಗೆ, ಸಣ್ಣ ಗಾತ್ರದ ವಿಮಾನಗಳಿಂದ ಕೆಲಸ ಆರಂಭಿಸಿತು. ಹೆಸರಿನಲ್ಲಿ ಅಂತಾರಾಷ್ಟ್ರೀಯ ಎಂದಿರುವುದಕ್ಕೂ ದುಬೈಗೋ ಲಂಡನ್ನಿಗೋ ನಿತ್ಯ ವಿಮಾನ ಹಾರುವುದಕ್ಕೂ ನಡುವೆ ಅಂತರವಿದೆ.

ವಿಜಯಪುರದ ವಿಷಯ ಬೇರೆಯೇ. ಬುರಣಾಪುರ–ಮದಭಾವಿ ಬಳಿ 727 ಎಕರೆಯಲ್ಲಿ ತಲೆ ಎತ್ತಿರುವ ಆ ನಿಲ್ದಾಣಕ್ಕೆ 2021ರಲ್ಲಿ ಶಂಕುಸ್ಥಾಪನೆಯಾಯಿತು. ಮೊದಲು ಎಪ್ಪತ್ತು ಆಸನಗಳ ಎಟಿಆರ್ ವಿಮಾನಕ್ಕೆಂದು ಯೋಜಿಸಿ, ಬಳಿಕ ಏರ್‌ಬಸ್ 320 ಇಳಿಯುವಂತೆ ವಿಸ್ತರಿಸಲಾಯಿತು. ಮರೋಳದಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲಿರುವ ಇದು ನಿಮಗೆ ಹತ್ತಿರದ್ದು ನಿಜ. ಆದರೆ ಅದು ದೇಶೀಯ ನಿಲ್ದಾಣ. ಕರ್ನಾಟಕದಲ್ಲಿ ಅಂತಾರಾಷ್ಟ್ರೀಯ ನಿಲ್ದಾಣಗಳೆಂದು ಇರುವುವು ಬೆಂಗಳೂರು ಮತ್ತು ಮಂಗಳೂರು ಮಾತ್ರ. ಬೆಂಗಳೂರಿಗೆ ಎರಡನೆಯ ನಿಲ್ದಾಣ ಬೇಕೆಂದು ಕನಕಪುರ ರಸ್ತೆಯಲ್ಲಿ ಎರಡು, ನೆಲಮಂಗಲದ ಕಡೆ ಒಂದು ಜಾಗವನ್ನು ಸರ್ಕಾರ ಗುರುತಿಸಿದೆಯಾದರೂ, ಈಗಿನ ನಿಲ್ದಾಣದೊಂದಿಗಿನ ಒಪ್ಪಂದದ ಪ್ರಕಾರ 2033ರವರೆಗೆ 150 ಕಿಲೋಮೀಟರ್ ಒಳಗೆ ಮತ್ತೊಂದು ಅಂತಾರಾಷ್ಟ್ರೀಯ ನಿಲ್ದಾಣ ಕಾರ್ಯಾರಂಭ ಮಾಡುವಂತಿಲ್ಲ.

ಈಗ ವಿಮಾನದ ಹೊಟ್ಟೆಯೊಳಗೆ ನೋಡೋಣ. ತರಕಾರಿ, ಹಣ್ಣು, ಹೂ ಬಹುಪಾಲು ಹೋಗುವುದು ಪ್ರತ್ಯೇಕ ಸರಕು ವಿಮಾನದಲ್ಲಿ ಎಂಬ ಕಲ್ಪನೆ ಹಲವರಲ್ಲಿದೆ. ವಾಸ್ತವದಲ್ಲಿ ಅದರ ದೊಡ್ಡ ಪಾಲು ಪ್ರಯಾಣಿಕ ವಿಮಾನದ ಕೆಳ ಅಂಕಣದಲ್ಲಿ, ಪ್ರಯಾಣಿಕರ ಪೆಟ್ಟಿಗೆಗಳ ಪಕ್ಕದಲ್ಲಿಯೇ ಹೋಗುತ್ತದೆ. ಎಟಿಆರ್‌ನಂತಹ ಸಣ್ಣ ವಿಮಾನದಲ್ಲಿ ಪ್ರಯಾಣಿಕರ ಸಾಮಾನು ಕಳೆದರೆ ಒಂದು ಟನ್ ಉಳಿಯುವುದೂ ಕಷ್ಟ. ಏರ್‌ಬಸ್ 320ರಲ್ಲಿ ಎರಡು ಮೂರು ಟನ್. ಖಂಡಾಂತರ ಹಾರುವ ಅಗಲ ದೇಹದ ವಿಮಾನದಲ್ಲಿ ಮಾತ್ರ ಹತ್ತು ಹದಿನೈದು ಟನ್ ಅಥವಾ ಅದಕ್ಕೂ ಹೆಚ್ಚು ಜಾಗ ಸಿಗುತ್ತದೆ. ಅಂಥ ವಿಮಾನಗಳು ಪ್ರಯಾಣಿಕರು ತುಂಬುವ ಕಡೆಗೆ ಬರುತ್ತವೆ, ಬೆಳೆ ಬೆಳೆಯುವ ಕಡೆಗೆ ಬರುವುದಿಲ್ಲ. ಇದರ ಜೊತೆಗೆ, ವೇಳಾಪಟ್ಟಿಯಿಲ್ಲದೆ ಬರುವ ವಿದೇಶಿ ಸರಕು ವಿಮಾನಗಳನ್ನು 2020ರಲ್ಲಿ ಕೇಂದ್ರ ಸರ್ಕಾರ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಹೈದರಾಬಾದ್ ಮತ್ತು ಬೆಂಗಳೂರು ಎಂಬ ಆರು ನಿಲ್ದಾಣಗಳಿಗೆ ಸೀಮಿತಗೊಳಿಸಿತು. ಅದೇ ವರ್ಷ ಪ್ರಕಟವಾದ ಕೃಷಿ ಉಡಾನ್ ಯೋಜನೆಯ ರಿಯಾಯಿತಿಗಳು ಮುಖ್ಯವಾಗಿ ಈಶಾನ್ಯ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳನ್ನು ಗಮನದಲ್ಲಿ ಇಟ್ಟುಕೊಂಡಿವೆ. ಬಾಗಲಕೋಟೆ ಜಿಲ್ಲೆಯವರು ಅದರ ಮೇಲೆ ಲೆಕ್ಕ ಹಾಕುವಂತಿಲ್ಲ.

ನಿಲ್ದಾಣ ತೆರೆಯುವುದಕ್ಕೂ ಅದು ರೈತನಿಗೆ ಉಪಯೋಗಕ್ಕೆ ಬರುವುದಕ್ಕೂ ನಡುವಿನ ಕಾಲವನ್ನು ಅಳೆಯಲು ನಮ್ಮ ರಾಜ್ಯದಲ್ಲಿಯೇ ಉದಾಹರಣೆ ಇದೆ. ದೇವನಹಳ್ಳಿಯ ನಿಲ್ದಾಣ ತೆರೆದದ್ದು 2008ರ ಮೇ 24ರಂದು. (ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದೂ ಅದೇ ವರ್ಷದ ನವೆಂಬರಿನಲ್ಲಿ.) ಆದರೆ ಹಣ್ಣು, ತರಕಾರಿ, ಹೂಗಳಂತಹ ಬೇಗ ಕೆಡುವ ಸರಕಿಗೆಂದೇ ಶೀತಲ ಕೇಂದ್ರವೊಂದು, ವರ್ಷಕ್ಕೆ 40,000 ಟನ್ ಸಾಮರ್ಥ್ಯದ್ದು, ಅಲ್ಲಿ ಬಂದದ್ದು 2016ರಲ್ಲಿ. ಎಂಟು ವರ್ಷ ಹಿಡಿಯಿತು. ಇಂದು ಬೇಗ ಕೆಡುವ ಸರಕಿನ ರಫ್ತಿನಲ್ಲಿ ಬೆಂಗಳೂರು ದೇಶದಲ್ಲಿ ಮುಂಚೂಣಿಯಲ್ಲಿದೆ. ಪ್ರೇಮಿಗಳ ದಿನದ ಮುನ್ನ ಕೋಟಿಗಟ್ಟಲೆ ಗುಲಾಬಿ ಕಡ್ಡಿಗಳು ಅಲ್ಲಿಂದ ಹಾರುತ್ತವೆ. ಅದರ ಹಿಂದೆ ನಿಲ್ದಾಣದ ಓಡುಪಥಕ್ಕಿಂತ ಹೆಚ್ಚಾಗಿ ಆ ಸುತ್ತಿನ ಹಸಿರುಮನೆಗಳು, ಎರಡು ಗಂಟೆಯ ದಾರಿಯಲ್ಲಿರುವ ಕೋಲಾರ–ಚಿಕ್ಕಬಳ್ಳಾಪುರದ ತರಕಾರಿ ಹೊಲಗಳು, ಮಾಲೂರಿನ ವಿಕಿರಣ ಸಂಸ್ಕರಣಾ ಕೇಂದ್ರ, ಸಸ್ಯ ಸಂಪರ್ಕ ನಿಷೇಧ ಅಧಿಕಾರಿಗಳ ನಿತ್ಯದ ತಪಾಸಣೆ ಇವೆಲ್ಲ ಸೇರಿವೆ.

ಯಾವ ಬೆಳೆ ಹಾರುತ್ತದೆ, ಯಾವುದು ಹಾರುವುದಿಲ್ಲ ಎಂಬುದನ್ನು ತಿಳಿಯಲು ದೊಡ್ಡ ಶಾಸ್ತ್ರ ಬೇಡ. ವಿಮಾನ ಸಂಸ್ಥೆಗಳು ನಿಜವಾದ ತೂಕ ಮತ್ತು ಪರಿಮಾಣ ತೂಕ ಎಂಬ ಎರಡನ್ನು ಲೆಕ್ಕ ಹಾಕಿ, ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ ಕೇಳುತ್ತವೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸಿದರೆ ಪರಿಮಾಣ ತೂಕ ಸಿಗುತ್ತದೆ. 40, 30, 15 ಸೆಂಟಿಮೀಟರಿನ ದಾಳಿಂಬೆ ಪೆಟ್ಟಿಗೆಗೆ ಅದು 3 ಕಿಲೋ. ಒಳಗಿನ ಹಣ್ಣೂ ಅಷ್ಟೇ ತೂಗಿದರೆ ನಷ್ಟವಿಲ್ಲ. ಅದೇ 60, 40, 30 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ ಕೊತ್ತಂಬರಿ ತುಂಬಿದರೆ ಒಳಗಿರುವ ಸೊಪ್ಪು 5 ಕಿಲೋ, ಬಾಡಿಗೆ ಮಾತ್ರ 12 ಕಿಲೋಗೆ. ಹಗುರಾದದ್ದೆಲ್ಲ ಅಗ್ಗವಾಗಿ ಹಾರುತ್ತದೆ ಎಂಬ ನಂಬಿಕೆಯನ್ನು ಈ ಲೆಕ್ಕ ಒಡೆಯುತ್ತದೆ.

ಹುನಗುಂದ ಭಾಗದ ಬೆಳೆಗಳನ್ನು ಈ ಅಳತೆಗೆ ಇಟ್ಟು ನೋಡಿ. ಬಿಳಿಜೋಳ, ಕಡಲೆ, ತೊಗರಿ, ಸೂರ್ಯಕಾಂತಿ, ಮೆಕ್ಕೆಜೋಳ, ಹತ್ತಿ ಇವುಗಳಿಗೆ ವಿಮಾನದ ಸಂಬಂಧವೇ ಇಲ್ಲ. ಈರುಳ್ಳಿ ಹೋಗುವುದೂ ಹಡಗಿನಲ್ಲಿ. ಈರುಳ್ಳಿ ಬೆಳೆದವರಿಗೆ ಈಚಿನ ವರ್ಷಗಳಲ್ಲಿ ಪೆಟ್ಟು ಬಿದ್ದದ್ದು ಸಾರಿಗೆಯ ಕೊರತೆಯಿಂದ ಅಲ್ಲ ಎಂಬುದು ನಿಮಗೇ ಗೊತ್ತು. 2023ರ ಆಗಸ್ಟ್‌ನಲ್ಲಿ ಶೇ. 40ರ ರಫ್ತು ಸುಂಕ, ಡಿಸೆಂಬರಿನಿಂದ ಪೂರ್ಣ ನಿಷೇಧ, 2024ರ ಮೇ 4ರಂದು ನಿಷೇಧ ತೆರವು, ಸುಂಕ ಪೂರ್ತಿ ಹೋದದ್ದು 2025ರ ಏಪ್ರಿಲ್ 1ರಂದು. ತೊಗರಿಯಲ್ಲಿ ಚಿತ್ರ ತಿರುಗುಮುರುಗು: ಅದು ಹೊರಗಿನಿಂದ ಒಳಗೆ ಬರುತ್ತದೆ. ಮ್ಯಾನ್ಮಾರ್, ಮೊಜಾಂಬಿಕ್ ಮೊದಲಾದ ಕಡೆಗಳಿಂದ ಸುಂಕವಿಲ್ಲದ ಆಮದಿಗೆ 2026ರ ಮಾರ್ಚ್ 31ರವರೆಗೆ ಅವಕಾಶ ಕೊಡಲಾಗಿತ್ತು. ನಿಮ್ಮ ತೊಗರಿಯ ದರದ ಮೇಲೆ ಬಂದರಿಗೆ ಬಂದ ಆ ಹಡಗುಗಳ ಪ್ರಭಾವ ಯಾವ ವಿಮಾನ ನಿಲ್ದಾಣಕ್ಕಿಂತಲೂ ಹೆಚ್ಚು.

ಹಾಗಾದರೆ ಉಳಿಯುವುದು ಹಸಿಮೆಣಸಿನಕಾಯಿ, ಬೆಂಡೆ, ನುಗ್ಗೆ, ಹೂ ಮತ್ತು ದಾಳಿಂಬೆ. ಬೆಂಡೆಯನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಆರಕ್ಕೆ ಮರೋಳದಲ್ಲಿ ಕಿತ್ತ ಕಾಯಿಯನ್ನು ವಿಂಗಡಿಸಿ, ತಂಪು ಮಾಡಿ ತುಂಬುವ ಹೊತ್ತಿಗೆ ಮಧ್ಯಾಹ್ನ. ಇಳಕಲ್, ಹೊಸಪೇಟೆ, ಚಿತ್ರದುರ್ಗದ ಮೇಲೆ ದೇವನಹಳ್ಳಿಗೆ ಸುಮಾರು 450 ಕಿಲೋಮೀಟರ್. ಭರ್ತಿ ವಾಹನಕ್ಕೆ ಒಂಬತ್ತು ಹತ್ತು ಗಂಟೆ. ವಿಮಾನ ಹೊರಡುವ ಹಲವು ಗಂಟೆ ಮುಂಚೆ ಸರಕು ಒಪ್ಪಿಸಬೇಕು. ತಪಾಸಣೆ, ಸಸ್ಯ ಆರೋಗ್ಯ ಪ್ರಮಾಣಪತ್ರ, ಸುಂಕದ ಕಾಗದ, ಕ್ಷಕಿರಣ ಪರೀಕ್ಷೆ ಎಲ್ಲ ಮುಗಿದು ಕೊಲ್ಲಿ ರಾಷ್ಟ್ರದ ಅಂಗಡಿ ಸೇರುವ ವೇಳೆಗೆ ಕಿತ್ತು ಒಂದೂವರೆ ದಿನ ದಾಟಿರುತ್ತದೆ. ವಿಜಯಪುರ, ಸೊಲ್ಲಾಪುರ, ಪುಣೆಯ ಮೇಲೆ ನವೀ ಮುಂಬೈಗೆ ಹೋದರೆ ದೂರ ಇನ್ನೂ ನೂರು ಕಿಲೋಮೀಟರಿಗೂ ಹೆಚ್ಚು. ಕೋಲಾರದ ರೈತ ಇದೇ ಬೆಂಡೆಯನ್ನು ಎರಡು ಗಂಟೆಯಲ್ಲಿ ನಿಲ್ದಾಣದ ಬಾಗಿಲಿಗೆ ತಂದಿರುತ್ತಾನೆ. ಅವನೊಂದಿಗೆ ನೀವು ಈ ಬೆಳೆಯಲ್ಲಿ ಸ್ಪರ್ಧಿಸಬೇಕೆಂದು ನಾನು ಸಲಹೆ ನೀಡಲಾರೆ.

ಇಲ್ಲಿ ನಾನು ಕಂಡ ಒಂದು ಪ್ರಸಂಗವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಸಲಹೆಯ ಮೇರೆಗೆ ಹಸಿಮೆಣಸಿನಕಾಯಿ ಬೆಳೆದ ರೈತರ ಗುಂಪೊಂದು ರಫ್ತುದಾರರ ಮೂಲಕ ಮೊದಲ ರವಾನೆಯನ್ನು ಕಳುಹಿಸಿತು. ಕಾಯಿ ಉತ್ತಮವಾಗಿತ್ತು, ಕಾಗದಗಳೂ ಸರಿಯಿದ್ದವು. ಆ ರಾತ್ರಿ ವಿಮಾನದಲ್ಲಿ ಪ್ರಯಾಣಿಕರ ಸಾಮಾನು ಹೆಚ್ಚಾಗಿ ಸರಕಿನ ಒಂದು ಭಾಗವನ್ನು ಕೆಳಗಿಳಿಸಲಾಯಿತು. ಇಳಿಸಿದ್ದರಲ್ಲಿ ನಮ್ಮ ಪೆಟ್ಟಿಗೆಗಳೂ ಇದ್ದವು. ಮರುದಿನ ಜಾಗ ಸಿಗಲಿಲ್ಲ. ಮೂರನೆಯ ದಿನ ಅದನ್ನು ಸ್ಥಳೀಯ ಮಾರುಕಟ್ಟೆಯಲ್ಲಿ ಸಿಕ್ಕ ದರಕ್ಕೆ ಮಾರಬೇಕಾಯಿತು. ಬೆಳೆಯ ಬಗ್ಗೆ ನಾವು ಕೊಟ್ಟ ಸಲಹೆಯಲ್ಲಿ ತಪ್ಪಿರಲಿಲ್ಲ. ವಿಮಾನದಲ್ಲಿ ಜಾಗ ಮೊದಲೇ ಕಾಯ್ದಿರಿಸಿದ್ದಾರೆಯೇ, ಇಳಿಸಿದರೆ ನಷ್ಟ ಯಾರದು ಎಂದು ಕೇಳಲು ನಾವು, ವಿಜ್ಞಾನಿಗಳು, ಮರೆತಿದ್ದೆವು. ಆ ತಪ್ಪು ನಮ್ಮದೇ. ಅಂದಿನಿಂದ ಒಪ್ಪಂದದ ಕಾಗದದಲ್ಲಿ ಆ ಒಂದು ಸಾಲು ಇಲ್ಲದೆ ಯಾರಿಗೂ ವಿಮಾನ ರಫ್ತನ್ನು ಶಿಫಾರಸು ಮಾಡಿಲ್ಲ.

ಒಂದು ವಿಮಾನದ ಮಾತು ಹಾಗಿರಲಿ, ಎಲ್ಲ ವಿಮಾನಗಳೂ ನಿಂತ ದಿನಗಳನ್ನು ನಾವು ಕಂಡಿದ್ದೇವೆ. 2020ರ ಮಾರ್ಚ್‌ನಲ್ಲಿ ಅಂತಾರಾಷ್ಟ್ರೀಯ ಪ್ರಯಾಣಿಕ ಸಂಚಾರ ನಿಂತು, ಎಂದಿನ ವೇಳಾಪಟ್ಟಿಗೆ ಮರಳಿದ್ದು 2022ರ ಮಾರ್ಚ್ 27ರಂದು. ಪ್ರಯಾಣಿಕರಿಲ್ಲದೆ ಕೆಳ ಅಂಕಣವೂ ಇಲ್ಲವಾಯಿತು. ಬೆಂಗಳೂರು ಸುತ್ತಿನ ಹೂ ಬೆಳೆಗಾರರು ಹೂವನ್ನು ಹೊಲದಲ್ಲಿಯೇ ಕತ್ತರಿಸಿ ಹಾಕಿದರು. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದ ಯೂರೋಪಿನ ಆಕಾಶ ಮುಚ್ಚಿದಾಗ ಕೆನ್ಯಾದ ಹೂ ರೈತರಿಗೂ ಇದೇ ಗತಿ ಬಂದಿತ್ತು. 2025ರ ಡಿಸೆಂಬರ್ ಮೊದಲ ವಾರದಲ್ಲಿ ದೇಶದ ಅತಿ ದೊಡ್ಡ ವಿಮಾನ ಸಂಸ್ಥೆಯ ಸಾವಿರಾರು ಹಾರಾಟಗಳು ರದ್ದಾದದ್ದನ್ನು ನೀವು ಪತ್ರಿಕೆಯಲ್ಲಿ ಓದಿದ್ದೀರಿ.

ಇನ್ನು ದಾಳಿಂಬೆ. ಇದು ಮುಖ್ಯ ವಿಷಯವಾದ್ದರಿಂದ ನಿಧಾನವಾಗಿ ನೋಡೋಣ. ಅಮೆರಿಕೆಗೆ ಭಾರತದ ತಾಜಾ ದಾಳಿಂಬೆಯ ಪ್ರಾಯೋಗಿಕ ರವಾನೆ 2023ರಲ್ಲಿ ವಿಮಾನದ ಮೂಲಕ ಹೋಯಿತು. ಆಸ್ಟ್ರೇಲಿಯಾಕ್ಕೆ 2024ರಲ್ಲಿ, ಅದೂ ವಿಮಾನದಲ್ಲಿಯೇ. ಬಾಗಿಲು ತೆರೆದದ್ದು ವಿಮಾನ, ಇದನ್ನು ಒಪ್ಪಬೇಕು. ಆದರೆ ಮುಂದೇನಾಯಿತು ನೋಡಿ. 2024ರ ಡಿಸೆಂಬರಿನಲ್ಲಿ ಸೊಲ್ಲಾಪುರ ಭಾಗದ 5.7 ಟನ್ ದಾಳಿಂಬೆ, ತಲಾ 3 ಕಿಲೋದ 1,900 ಪೆಟ್ಟಿಗೆಗಳಲ್ಲಿ, ಹಡಗಿನಲ್ಲಿ ಹೊರಟು ಜನವರಿಯಲ್ಲಿ ಸಿಡ್ನಿ ತಲುಪಿತು. 2025ರ ಮಾರ್ಚ್‌ನಲ್ಲಿ ಭಗವಾ ತಳಿಯ 4,620 ಪೆಟ್ಟಿಗೆಗಳು, ಸುಮಾರು 14 ಟನ್, ಐದು ವಾರಗಳ ಸಮುದ್ರಯಾನದ ಬಳಿಕ ಅಮೆರಿಕೆಯ ಪೂರ್ವ ತೀರದಲ್ಲಿ ಉತ್ತಮ ಸ್ಥಿತಿಯಲ್ಲಿ ಇಳಿದವು. ಸೊಲ್ಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವೂ ಸೇರಿ ನಡೆಸಿದ ಪ್ರಯೋಗಗಳು ಹಣ್ಣನ್ನು ಅರವತ್ತು ದಿನದವರೆಗೆ ಕೆಡದಂತೆ ಇಡಬಹುದೆಂದು ತೋರಿಸಿದುದರ ಫಲ ಇದು. ಅರವತ್ತು ದಿನ ತಾಳುವ ಹಣ್ಣಿಗೆ ವಿಮಾನದ ಬಾಡಿಗೆ ಕೊಡುವ ಅಗತ್ಯವಾದರೂ ಏನು? ಮೊದಲ ಮಾದರಿಗೆ, ಋತುವಿನ ಆರಂಭದ ಎತ್ತರದ ದರಕ್ಕೆ, ಬಿಡಿಸಿದ ಕಾಳಿಗೆ ವಿಮಾನ ಉಳಿಯುತ್ತದೆ. ಮೊತ್ತದ ಸರಕು ಬಂದರಿಗೆ ಹೋಗುತ್ತದೆ. ನವೀ ಮುಂಬೈಯಲ್ಲಿ ನಿಮಗೆ ಹೆಚ್ಚು ಉಪಯೋಗವಾಗುವ ಬಾಗಿಲು ಹೊಸ ನಿಲ್ದಾಣದ್ದಲ್ಲ, ಅದರ ಸಮೀಪದಲ್ಲಿ ದಶಕಗಳಿಂದ ಇರುವ ನ್ಹಾವಾ ಶೇವಾ ಬಂದರಿನದು ಎಂಬುದು ನನ್ನ ಅಭಿಪ್ರಾಯ.

ಬಂದರಿರಲಿ, ನಿಲ್ದಾಣವಿರಲಿ, ಹಣ್ಣು ನಿಲ್ಲುವುದು ಸಾಮಾನ್ಯವಾಗಿ ಕಾಗದದಲ್ಲಿ ಮತ್ತು ಕೀಟದಲ್ಲಿ. 2014ರ ಮೇ 1ರಿಂದ ಯೂರೋಪಿನ ಒಕ್ಕೂಟವು ಭಾರತದ ಮಾವಿನ ಹಣ್ಣನ್ನೂ ಹಾಗಲ, ಬದನೆ ಮೊದಲಾದ ನಾಲ್ಕು ತರಕಾರಿಗಳನ್ನೂ ನಿಷೇಧಿಸಿತು. ರವಾನೆಗಳಲ್ಲಿ ಹಣ್ಣುನೊಣ ಮೊದಲಾದ ಕೀಟಗಳು ಸಿಕ್ಕಿದ್ದವು. ಆಗ ಮುಂಬೈಯಲ್ಲಿಯೂ ಬೆಂಗಳೂರಿನಲ್ಲಿಯೂ ಲಂಡನ್ನಿಗೆ ವಿಮಾನಗಳಿಗೇನೂ ಬರವಿರಲಿಲ್ಲ. 2025ರ ಮೇ ತಿಂಗಳಲ್ಲಿ ಮುಂಬೈಯಿಂದ ವಿಮಾನದಲ್ಲಿ ಹೋದ ಮಾವಿನ 15 ರವಾನೆಗಳನ್ನು ಅಮೆರಿಕೆಯ ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ, ಅಟ್ಲಾಂಟಾ ನಿಲ್ದಾಣಗಳಲ್ಲಿ ತಡೆದರು. ವಿಕಿರಣ ಸಂಸ್ಕರಣೆಯ ದಾಖಲೆಯಲ್ಲಿ ದೋಷವಿದೆ ಎಂಬುದು ಕಾರಣ. ಹಣ್ಣನ್ನು ಹಿಂದಕ್ಕೆ ತರುವ ಬಾಡಿಗೆ ಹಣ್ಣಿನ ಬೆಲೆಗಿಂತ ದುಬಾರಿಯಾದ್ದರಿಂದ ಅಲ್ಲಿಯೇ ನಾಶಪಡಿಸಬೇಕಾಯಿತು. ಯೂರೋಪಿನಲ್ಲಿ, ಪ್ರತ್ಯೇಕ ಮಿತಿ ನಿಗದಿಯಾಗದ ಕೀಟನಾಶಕಕ್ಕೆ ಅನ್ವಯಿಸುವ ಶೇಷಾಂಶದ ಮಿತಿ ಕಿಲೋಗ್ರಾಂಗೆ 0.01 ಮಿಲಿಗ್ರಾಂ. ಪಕ್ಕದ ಹೊಲದ ಹತ್ತಿಗೆ ಹೊಡೆದ ಔಷಧ ಗಾಳಿಯಲ್ಲಿ ತೇಲಿ ಬಂದರೂ ಆ ಮಿತಿ ಮೀರಬಹುದು.

ಈಗ ನಿಮ್ಮ ಹೊಲಕ್ಕೆ ಬರುತ್ತೇನೆ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ ಸುಮಾರು 24,000 ಹೆಕ್ಟೇರಿಗೆ ಹನಿ ನೀರು ಕೊಡಲು ರೂಪಿಸಿದ ರಾಮಥಾಳ–ಮರೋಳ ಯೋಜನೆ ದೇಶದಲ್ಲಿಯೇ ದೊಡ್ಡ ಪ್ರಯೋಗ. ಕೊಳವೆ ಎಲ್ಲ ಕಡೆ ಒಂದೇ ಬಗೆಯಲ್ಲಿ ಬಳಕೆಯಾಗಿಲ್ಲ ಎಂಬುದನ್ನು ನೀವೇ ಬಲ್ಲಿರಿ. ಅದು ಬೇರೊಂದು ಲೇಖನದ ವಿಷಯ. ನೀರು ಬಂದಿದೆ, ವಿಮಾನವೂ ಬರುತ್ತದೆ, ಇನ್ನೇನು ಬೇಕು ಎಂಬ ಯೋಚನೆಯಲ್ಲಿ ಮಣ್ಣು ಮರೆತುಹೋಗುತ್ತಿದೆ. ಇಳಕಲ್ ಕಡೆಯ ಕಲ್ಲುಮಿಶ್ರಿತ ಮಸಾರಿಯಲ್ಲಿ ದಾಳಿಂಬೆಗೆ ಯಾವ ಅಡ್ಡಿಯೂ ಇಲ್ಲ. ಆದರೆ ಮೂರು ನಾಲ್ಕು ಅಡಿಯ ಆಳದವರೆಗೆ ಎರಿಯೇ ಇರುವ ಹೊಲದಲ್ಲಿ, ಅದರಲ್ಲೂ ನೀರು ಬಸಿಯದ ತಗ್ಗಿನಲ್ಲಿ, ದಾಳಿಂಬೆ ಎರಡು ವರ್ಷ ಚೆನ್ನಾಗಿ ಬೆಳೆದು ಫಸಲು ಹಿಡಿಯುವ ಹೊತ್ತಿಗೆ ಸೊರಗಲು ತೊಡಗುತ್ತದೆ. ಬೇರಿಗೆ ಗಾಳಿಯಾಡದ ಕಡೆ ಸೊರಗು ರೋಗದ ಶಿಲೀಂಧ್ರ ಬಹುಬೇಗ ನೆಲೆಯೂರುತ್ತದೆ. ಒಂದು ಗಿಡದಿಂದ ಸಾಲಿನುದ್ದಕ್ಕೂ ಸಾಗುತ್ತದೆ. ಎರಿ ಹೊಲದಲ್ಲಿ ಹಿಂಗಾರಿ ಕಡಲೆ ಮತ್ತು ಬಿಳಿಜೋಳ ಮಣ್ಣಿನಲ್ಲಿ ಉಳಿದ ತೇವದಿಂದಲೇ ಬೆಳೆಯುತ್ತವೆ. ಆ ಗುಣವೇ ದಾಳಿಂಬೆಗೆ ಮಾರಕ. ಬೇಸಾಯಶಾಸ್ತ್ರದವನಾಗಿ ನನಗೆ ಹೆಚ್ಚು ಆತಂಕ ತರುವುದು ಇದು: ಒಂದು ಸುದ್ದಿಯ ಭರವಸೆಯ ಮೇಲೆ ಒಳ್ಳೆಯ ಕಡಲೆ ಹೊಲವೊಂದು ಕೆಟ್ಟ ದಾಳಿಂಬೆ ತೋಟವಾಗುವುದು.

ದುಂಡಾಣು ಅಂಗಮಾರಿಯ ನೆನಪು ಹಿರಿಯ ರೈತರಿಗೆ ಇನ್ನೂ ಹಸಿಯಾಗಿದೆ. ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ಭಾಗದ ಎಷ್ಟೋ ತೋಟಗಳನ್ನು ಅದು ಬೋಳು ಮಾಡಿತು. ಬೆಳೆಗಾರರು ತಾವೇ ಗಿಡ ಕಿತ್ತು ಸುಟ್ಟರು. ಆಗಲೂ ರಫ್ತಿನ ಮಾತು ಇತ್ತು. ಮೃಗ ಬಹಾರಿನ ಮಳೆಯಲ್ಲಿ ಕಾಯಿ ಬಿಡಿಸಿದವರಿಗೆ ನಷ್ಟ ಹೆಚ್ಚು, ಮಳೆ ಹಿಂದೆ ಸರಿದ ಮೇಲೆ ಹಸ್ತ ಬಹಾರ್ ಹಿಡಿದವರಿಗೆ ಕಡಿಮೆ ಎಂಬ ಪಾಠವನ್ನು ಅಂದು ದುಬಾರಿ ಬೆಲೆ ಕೊಟ್ಟು ಕಲಿತೆವು. ಈಗ ಹೊಸದಾಗಿ ನಾಟಿ ಮಾಡುವವರು ರೋಗರಹಿತ ಎಂದು ಖಚಿತವಾದ ಸಸಿಗಳನ್ನು ಮಾತ್ರ ತರಬೇಕು. ಹಳೆಯ ರೋಗದ ತೋಟದ ಗೂಟಿ ಸಸಿ ಅಗ್ಗವಾಗಿ ಸಿಕ್ಕರೂ ಬೇಡ.

ಇನ್ನೊಂದು ಹೊಂದಿಕೆಯಾಗದ ಲೆಕ್ಕವಿದೆ. ವಿಮಾನ ಸಂಸ್ಥೆಗಳು ತಮ್ಮ ವೇಳಾಪಟ್ಟಿಯನ್ನು ವರ್ಷಕ್ಕೆ ಎರಡು ಬಾರಿ, ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಗಳಿಂದ, ಬದಲಿಸುತ್ತವೆ. ಲಾಭವಿಲ್ಲದ ಮಾರ್ಗವನ್ನು ಆರು ತಿಂಗಳಲ್ಲಿ ಕೈಬಿಡುತ್ತವೆ. ನೀವು ನೆಡುವ ಗಿಡ ಹನ್ನೆರಡರಿಂದ ಹದಿನೈದು ವರ್ಷ ನಿಲ್ಲಬೇಕಾದದ್ದು.

ಭೂಮಿಯ ಪ್ರಶ್ನೆಯನ್ನು ಮುಟ್ಟದೆ ಮುಂದೆ ಹೋಗುವಂತಿಲ್ಲ, ಏಕೆಂದರೆ ನಿಲ್ದಾಣ ಬಂದ ಕಡೆ ಅದರ ಸುತ್ತ ಕೈಗಾರಿಕೆಯೂ ಬಡಾವಣೆಯೂ ಬರುತ್ತವೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ವೈಮಾಂತರಿಕ್ಷ ಉದ್ಯಾನಕ್ಕೆ ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾವದ ವಿರುದ್ಧ ಅಲ್ಲಿನ ರೈತರು 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಟ್ಟಿತು. ದ್ರಾಕ್ಷಿ, ರಾಗಿ, ಹೂ ಬೆಳೆಯುವ ಆ ಹೊಲಗಳು ನಿಲ್ದಾಣಕ್ಕೆ ಹತ್ತಿರವಿದ್ದುದೇ ರಫ್ತಿಗೆ ಅನುಕೂಲ, ಅದೇ ಹತ್ತಿರವೇ ಅವುಗಳಿಗೆ ಅಪಾಯ. ನವೀ ಮುಂಬೈಯಲ್ಲಿ ಹಳ್ಳಿಗಳನ್ನೇ ಸ್ಥಳಾಂತರಿಸಿ, ಭೂಮಿ ಕೊಟ್ಟವರಿಗೆ ಶೇ. 22.5ರಷ್ಟು ಅಭಿವೃದ್ಧಿಪಡಿಸಿದ ನಿವೇಶನವನ್ನು ನೀಡುವ ಯೋಜನೆ ಬಂದಿತು. ಆಲಮಟ್ಟಿಯ ಮುಳುಗಡೆಯನ್ನು ಕಂಡ ಜಿಲ್ಲೆಯವರಿಗೆ ಪುನರ್ವಸತಿಯ ಬಗ್ಗೆ ನಾನು ಹೇಳಿಕೊಡಬೇಕಾದದ್ದು ಏನೂ ಇಲ್ಲ.

ವಿಸ್ತರಣಾ ಕಾರ್ಯಕರ್ತರಿಗೆ ಕೆಲವು ನೇರ ಮಾತುಗಳು. ರೈತ ಉತ್ಪಾದಕ ಕಂಪನಿಗಳು ನಿಲ್ದಾಣ ತೆರೆಯುವವರೆಗೆ ಕಾಯುವ ಅಗತ್ಯವಿಲ್ಲ. ದಾಳಿಂಬೆ ತೋಟಗಳನ್ನು ಅಪೇಡಾದ ಅನಾರ್‌ನೆಟ್ ವ್ಯವಸ್ಥೆಯಲ್ಲಿ ತೋಟಗಾರಿಕೆ ಇಲಾಖೆಯ ಮೂಲಕ ನೋಂದಾಯಿಸಬಹುದು. ಸಿಂಪರಣೆಯ ದಿನ, ಔಷಧದ ಹೆಸರು, ಪ್ರಮಾಣ, ಕೊಯ್ಲಿಗೆ ಬಿಟ್ಟ ಅಂತರ ಇಷ್ಟನ್ನು ಪ್ರತಿ ರೈತ ಒಂದು ಪುಸ್ತಕದಲ್ಲಿ ಬರೆಯುವ ಅಭ್ಯಾಸ ಮಾಡಿಸಿ. ಅನೇಕರು ರಫ್ತಿಗೆ ಒಂದು ತಿಂಗಳು ಇರುವಾಗ ಕುಳಿತು ಹಿಂದಿನದನ್ನೆಲ್ಲ ನೆನಪಿನಿಂದ ತುಂಬುತ್ತಾರೆ. ಪ್ರಯೋಗಾಲಯದ ವರದಿ ಬಂದಾಗ ಆ ಪುಸ್ತಕ ಸುಳ್ಳಾಗುತ್ತದೆ. ಕೊಯ್ದ ಹಣ್ಣು ಬಿಸಿಲಿನಲ್ಲಿ ಕೂರದಂತೆ ನೆರಳು, ಅದೇ ದಿನ ಪೂರ್ವ ಶೀತಲೀಕರಣ, ಬಳಿಕ 5ರಿಂದ 7 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ. 90ರಿಂದ 95ರ ತೇವಾಂಶದಲ್ಲಿ ಸಂಗ್ರಹ: ಇಷ್ಟು ಸೌಲಭ್ಯ ಹುನಗುಂದದಲ್ಲಿಯೋ ಇಳಕಲ್‌ನಲ್ಲಿಯೋ ಒಂದು ಕಡೆ ಬಂದರೆ, ಆ ಹಣ್ಣು ನ್ಹಾವಾ ಶೇವಾಕ್ಕೂ ಹೋಗಬಹುದು, ದೇವನಹಳ್ಳಿಗೂ ಹೋಗಬಹುದು, ಯಾವುದೂ ಆಗದಿದ್ದರೆ ಬೆಂಗಳೂರು–ಹೈದರಾಬಾದಿನ ಅಂಗಡಿಗಳಲ್ಲಿ ನಾಲ್ಕು ವಾರ ತಡೆದು ಮಾರಬಹುದು. ಜನಪ್ರತಿನಿಧಿಗಳಲ್ಲಿ ಬೇಡಿಕೆ ಇಡುವುದಾದರೆ ಮೊದಲು ಇದನ್ನೇ ಕೇಳುವಂತೆ ರೈತರಿಗೆ ತಿಳಿಸಿ. ವಿಜಯಪುರ ನಿಲ್ದಾಣದಲ್ಲಿ ಸರಕಿಗೆ ಶೀತಲ ಕೊಠಡಿ ಬೇಕೆಂಬ ಬೇಡಿಕೆ ಅದರ ನಂತರದ್ದು.

ರಫ್ತುದಾರರು ನಿಮ್ಮಲ್ಲಿಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳೂ ಇವೆ. ದರ ತೋಟದ ಬಾಗಿಲಿನದೋ ವಿದೇಶದ ಅಂಗಡಿಯದೋ? ತಿರಸ್ಕೃತ ಹಣ್ಣಿನ ಲೆಕ್ಕವನ್ನು ಯಾರ ಎದುರು ಮಾಡುತ್ತಾರೆ? ಶೇಷಾಂಶ ಪರೀಕ್ಷೆಯ ಶುಲ್ಕ ಯಾರದು, ವರದಿಯ ಪ್ರತಿ ರೈತನಿಗೆ ಸಿಗುತ್ತದೆಯೇ? ರವಾನೆ ತಡವಾಗಿ ಹಣ್ಣು ಕೆಟ್ಟರೆ ಹಣ ಯಾರ ಜೇಬಿನಿಂದ ಹೋಗುತ್ತದೆ? ಉತ್ತರಗಳು ಬರಹದಲ್ಲಿ ಇರಲಿ.

ಇಷ್ಟೆಲ್ಲ ಕೇಳಿದ ಮೇಲೂ ದಾಳಿಂಬೆ ಹಾಕುವ ಮನಸ್ಸಿದ್ದರೆ, ನಾನು ಬೇಡವೆನ್ನುವುದಿಲ್ಲ. ಸೂಕ್ತ ಮಣ್ಣಿನಲ್ಲಿ ಅದು ಒಳ್ಳೆಯ ಬೆಳೆ. ಸಸಿಗೆ ಮುಂಗಡ ಕೊಡುವ ಮೊದಲು ಹೊಲದ ಮೇಲಿನ ಭಾಗದಲ್ಲಿ ಒಂದು, ತಗ್ಗಿನಲ್ಲಿ ಒಂದು, ಹೀಗೆ ಎರಡು ಗುಂಡಿಗಳನ್ನು ಮೂರು ಅಡಿ ಆಳಕ್ಕೆ ತೋಡಿ. ಸಂಜೆ ಅವುಗಳ ತುಂಬ ನೀರು ಹಾಕಿ, ಮೊದಲ ನೀರು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಎರಡನೆಯ ನೀರು ಒಂದು ದಿನ ಕಳೆದರೂ ಗುಂಡಿಯಲ್ಲಿ ನಿಂತಿದ್ದರೆ ಆ ಹೊಲ ಕಡಲೆಗೆ ಇರಲಿ. ಇಂಗಿದ್ದರೆ, ಪ್ರತಿ ಒಂದು ಅಡಿಯ ಆಳದಿಂದ ತಲಾ ಅರ್ಧ ಕಿಲೋ ಮಣ್ಣು ತೆಗೆದು, ಬೇರೆ ಬೇರೆ ಚೀಲದಲ್ಲಿ ಆಳವನ್ನು ಬರೆದು, ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ತನ್ನಿ. ಸುಣ್ಣದ ಅಂಶ ಮತ್ತು ಲವಣಾಂಶಗಳನ್ನು ನೋಡಿದ ನಂತರ ಸಾಲಿನ ಅಂತರ ಹಾಗೂ ಬಹಾರಿನ ಬಗ್ಗೆ ಕುಳಿತು ಮಾತನಾಡೋಣ.